ಸ್ಲೈಡು ತಾನೇ ಓಡಿದರೆ

ಬಸವನಗುಡಿಯ ಒಂದು ಸಭಾಂಗಣ. ಮೇಷ್ಟ್ರೊಬ್ಬರು ಹಂಪಿಯ ತುರ್ತಾ ಕಾಲುವೆ ಬಗ್ಗೆ ಮಾತಾಡುತ್ತಿದ್ದರು. ಮಾತು ಇನ್ನೂ ಅರ್ಧಕ್ಕೇ ಇತ್ತು, ಪರದೆಯ ಮೇಲೆ ಮುಂದಿನ ಚಿತ್ರ ಬಂದುಬಿಟ್ಟಿತು. ಹಿಂದಕ್ಕೆ ತಂದರು. ಸ್ವಲ್ಪ ಹೊತ್ತಿಗೆ ಮತ್ತೆ ಓಡಿತು. ಹಿಂದಿನ ಸಾಲಿನ ಹುಡುಗರು ಮುಸಿಮುಸಿ ನಗತೊಡಗಿದರು. ಆ ಫೈಲು ಮಾಡಿಕೊಟ್ಟವನು ನಾನೇ.

ಹಿಂದಿನ ರಾತ್ರಿ ಪವರ್‌ಪಾಯಿಂಟ್‌ನಲ್ಲಿ ‘ರಿಹರ್ಸ್ ಟೈಮಿಂಗ್ಸ್’ ಒತ್ತಿ ಒಂದು ಸಲ ಓಡಿಸಿದ್ದೆ. ಒಟ್ಟು ಎಷ್ಟು ನಿಮಿಷ ಆಗುತ್ತದೆ ಅಂತ ನೋಡಬೇಕಿತ್ತು, ಅಷ್ಟೇ. ಮುಗಿದ ಮೇಲೆ ಈ ಸಮಯ ಉಳಿಸಿಕೊಳ್ಳಲಾ ಅಂತ ಅದು ಕೇಳುತ್ತದೆ. ನಿದ್ದೆಗಣ್ಣಲ್ಲಿ ‘ಯೆಸ್’ ಒತ್ತಿದೆ. ಪ್ರತಿ ಸ್ಲೈಡಿಗೂ ಒಂದೊಂದು ಗಡುವು ಅಂಟಿಕೊಂಡಿತು. ನನ್ನ ಓದಿನ ವೇಗವೇ ಬೇರೆ, ಮೇಷ್ಟ್ರ ಮಾತಿನ ವೇಗವೇ ಬೇರೆ ಅಲ್ವಾ?

ಒಟ್ಟು ನಿಮಿಷ ಬರೆದುಕೊಂಡು ‘ನೋ’ ಅನ್ನಿ. ಉಳಿಸಿಯೇ ಬಿಟ್ಟಿದ್ದರೆ ‘ಸ್ಲೈಡ್ ಶೋ’ ಟ್ಯಾಬಿನಲ್ಲಿ ‘ಯೂಸ್ ಟೈಮಿಂಗ್ಸ್’ ಎದುರಿನ ಟಿಕ್ ತೆಗೆಯಿರಿ. ಸಭೆಯ ನಡುವೆಯೇ ಓಡತೊಡಗಿದರೆ ಎಸ್ (S) ಅಕ್ಷರದ ಕೀ ಒತ್ತಿ, ತಾನೇ ಓಡುವುದು ನಿಲ್ಲುತ್ತದೆ. ಅವತ್ತು ನನಗೆ ಇದು ನೆನಪಾಗಲಿಲ್ಲ. ವೇದಿಕೆಗೆ ಓಡಿ, ಎಲ್ಲರ ಕಣ್ಣೆದುರೇ ಶೋ ನಿಲ್ಲಿಸಿ ಟಿಕ್ ತೆಗೆದೆ.

ತರಬೇತಿಗೆ ಬರುವವರು ಜಾಸ್ತಿ ಹೇಳುವ ಮಾತು: “ಸರ್, ಪ್ರೀವ್ಯೂ ನೋಡಿದ್ದೆ, ಸರಿಯಾಗೇ ಇತ್ತು.” ಇರುತ್ತದೆ. ಆನಿಮೇಷನ್ ಟ್ಯಾಬಿನ ಪ್ರೀವ್ಯೂ ಯಾರ ಕ್ಲಿಕ್ಕಿಗೂ ಕಾಯುವುದಿಲ್ಲ, ಆ ಸ್ಲೈಡಿನಲ್ಲಿ ಇರುವುದನ್ನೆಲ್ಲ ಒಂದರ ಹಿಂದೆ ಒಂದು ಆಡಿಸಿಬಿಡುತ್ತದೆ. ಸ್ಲೈಡಿನಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ಉತ್ತರ ಇದೆ ಅಂತಿಟ್ಟುಕೊಳ್ಳಿ. ಉತ್ತರಕ್ಕೆ ‘ಆನ್ ಕ್ಲಿಕ್’ (ಕ್ಲಿಕ್ ಮಾಡಿದಾಗ ಬರುವುದು) ಕೊಟ್ಟಿರಲಿ, ‘ಆಫ್ಟರ್ ಪ್ರೀವಿಯಸ್’ (ಹಿಂದಿನದು ಮುಗಿದ ಕೂಡಲೇ ತಾನೇ ಬರುವುದು) ಕೊಟ್ಟಿರಲಿ, ಪ್ರೀವ್ಯೂನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತರಗತಿಯಲ್ಲಿ ಮಾತ್ರ ಎರಡನೆಯದು ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿರುತ್ತದೆ. ಹಾಗಾಗಿ ಪ್ರೀವ್ಯೂ ಬಣ್ಣ, ಚಲನೆ ನೋಡಲು ಮಾತ್ರ. ನಿಜವಾಗಿ ಪರೀಕ್ಷಿಸಲು ಶಿಫ್ಟ್ ಹಿಡಿದು ಎಫ್5 ಒತ್ತಿ. ನೀವಿರುವ ಸ್ಲೈಡಿನಿಂದಲೇ ಶೋ ಶುರುವಾಗುತ್ತದೆ, ಪ್ರತಿ ಕ್ಲಿಕ್ಕಿಗೂ ಕಾಯುತ್ತದೆ. ಬರೀ ಎಫ್5 ಮೊದಲ ಸ್ಲೈಡಿಗೆ ಕರೆದೊಯ್ಯುತ್ತದೆ. ಪವರ್‌ಪಾಯಿಂಟ್‌ನಂಥದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಇದೇ ಕೀಗಳು.

ಇನ್ನೊಂದು ವಿಷಯ ಯಾವ ಪ್ರೀವ್ಯೂನಲ್ಲೂ ಸಿಗುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಕಾಣುತ್ತದೆ. ಆ ಫಾಂಟು ಇಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗುಡ್ಡೆ! ಯೂನಿಕೋಡ್‌ನಲ್ಲಿ ಬರೆಯಿರಿ, ಅಲ್ಲಿಗೇ ಹೋಗಿ ಒಂದು ಸಲ ಓಡಿಸಿ ನೋಡಿ.

ಪ್ರಶ್ನೋತ್ತರದ ಹೊತ್ತಿಗೆ ಯಾರೋ “ಆ ನಕ್ಷೆ ಇನ್ನೊಮ್ಮೆ ತೋರಿಸಿ” ಅನ್ನುತ್ತಾರೆ. ಹಿಂದಕ್ಕೆ ಇಪ್ಪತ್ತು ಸಲ ಒತ್ತಬೇಡಿ. ಸ್ಲೈಡಿನ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಮುಖ್ಯವಾದ ಸ್ಲೈಡುಗಳ ಸಂಖ್ಯೆ ನಾನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟಿರುತ್ತೇನೆ. ಜನ ಪರದೆ ಬಿಟ್ಟು ನಿಮ್ಮ ಕಡೆ ನೋಡಬೇಕಾದರೆ ಬಿ ಕೀ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ವಾಪಸ್. ಪ್ರೊಜೆಕ್ಟರ್ ಇಲ್ಲದೆಯೇ ಮನೆಯಲ್ಲಿ ಪ್ರೆಸೆಂಟರ್ ವ್ಯೂ (ಟಿಪ್ಪಣಿ, ಮುಂದಿನ ಸ್ಲೈಡು ಮಾತಾಡುವವರಿಗೆ ಮಾತ್ರ ಕಾಣುವ ಪರದೆ) ಅಭ್ಯಾಸ ಮಾಡಲು ಆಲ್ಟ್ ಜೊತೆ ಎಫ್5.

ಬೈದ ಟೈಮಿಂಗೇ ಬೇಕಾಗುವ ಜಾಗವೂ ಇದೆ. ನವೆಂಬರ್ 1ಕ್ಕೆ ಆಫೀಸುಗಳ ಲಾಬಿಯಲ್ಲಿ ರಾಜ್ಯೋತ್ಸವದ ಫೋಟೊಗಳನ್ನು ದಿನವಿಡೀ ಓಡಿಸುತ್ತಾರಲ್ಲ, ಅಲ್ಲಿ ಮಾತಾಡುವವರು ಯಾರೂ ಇಲ್ಲ. ‘ಸೆಟಪ್ ಸ್ಲೈಡ್ ಶೋ’ನಲ್ಲಿ ಕಿಯೋಸ್ಕ್ (ಯಾರೂ ನಡೆಸದೆ ಮತ್ತೆ ಮತ್ತೆ ತಾನೇ ಓಡುವ ಶೋ) ಆಯ್ಕೆ ಮಾಡಿ, ಪ್ರತಿ ಸ್ಲೈಡಿಗೂ ಸೆಕೆಂಡ್ ಕೊಡಿ, ‘ಯೂಸ್ ಟೈಮಿಂಗ್ಸ್’ ಟಿಕ್ ಇರಲಿ. ಇಲ್ಲದಿದ್ದರೆ ಸಂಜೆಯವರೆಗೂ ಮೊದಲ ಫೋಟೊ ಒಂದೇ ನಿಂತಿರುತ್ತದೆ. ಹೋಗುವವರು ಬರುವವರು ಮೌಸ್ ಒತ್ತಿದರೂ ಈ ಶೋ ಕದಲುವುದಿಲ್ಲ. ಆದರೆ ಎಸ್ಕೇಪ್ ಒತ್ತಿದರೆ ನಿಂತುಹೋಗುತ್ತದೆ. ಕೀಬೋರ್ಡನ್ನು ಸೆಕ್ಯೂರಿಟಿಯವರ ಮೇಜಿನ ಕೆಳಗೆ ಇಟ್ಟುಬಿಡಿ.