ಠಾಣೆಯ ಸಿಸಿಟಿವಿ ದೃಶ್ಯ ನಮಗೆ ಸಿಗುತ್ತದಾ?

ಓದುಗರ ಪ್ರಶ್ನೆ: ವಿಚಾರಣೆಗೆಂದು ಕರೆದೊಯ್ದು ಠಾಣೆಯಲ್ಲಿ ಹೊಡೆದರೆ, ಅಲ್ಲಿನ ಕ್ಯಾಮೆರಾ ದೃಶ್ಯವನ್ನು ನಾವು ಕೇಳಬಹುದೇ?

ಕೇಳಬಹುದು. ಆದರೆ ಕೈಗೆ ಪ್ರತಿ ಸಿಗುವುದಕ್ಕಿಂತ ಮೊದಲು, ಅದು ಅಳಿಸಿಹೋಗದಂತೆ ನೋಡಿಕೊಳ್ಳಿ.

2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು. ಗೇಟು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ, ಠಾಣೆಯ ಹಿಂಭಾಗ ಎಲ್ಲವೂ ಕ್ಯಾಮೆರಾದ ಕಣ್ಣಿಗೆ ಬೀಳಬೇಕು. ರಾತ್ರಿಯೂ ಕಾಣಬೇಕು, ಮಾತೂ ದಾಖಲಾಗಬೇಕು. ದೃಶ್ಯವನ್ನು 18 ತಿಂಗಳು ಇಡಬೇಕು. ಉಪಕರಣಕ್ಕೆ ಅಷ್ಟು ಶಕ್ತಿ ಇಲ್ಲದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು.

'ಇಡೀ ದಿನ ಕ್ಯಾಮೆರಾ ಮುಂದೆ ಕೆಲಸ ಮಾಡೋದು ಹೇಗೆ?' ಎಂದು ಪೊಲೀಸರು ಕೇಳುವುದುಂಟು. ಆಫೀಸು, ಫ್ಯಾಕ್ಟರಿಗಳಲ್ಲಿ ಈ ದೂರಿಗೆ ನನ್ನ ಬೆಂಬಲ ಇದೆ. ಠಾಣೆಗೆ ಇಲ್ಲ. ಒಬ್ಬ ಮನುಷ್ಯನನ್ನು ಕೂಡಿಹಾಕುವ ಅಧಿಕಾರ ಬೇರೆ ಯಾವ ಆಫೀಸಿಗಿದೆ? ಅಷ್ಟಕ್ಕೂ, ಶೌಚಾಲಯದ ಒಳಗೆ ಕ್ಯಾಮೆರಾ ಬೇಡ, ಅದರ ಹೊರಗೆ ಸಾಕು ಎಂದು ಕೋರ್ಟೇ ಹೇಳಿದೆ.

ತೊಂದರೆ ಇರುವುದು ಬೇರೆ ಕಡೆ. ಹೊಡೆದರು ಎಂದು ನೀವು ದೂರುವ ಠಾಣೆಯಲ್ಲೇ ದೃಶ್ಯವೂ ಇರುತ್ತದೆ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಪೊಲೀಸರು ಬಂಧಿಸಿದ್ದ ತಂದೆ, ಮಗ ಸತ್ತರು. ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಆರೋಪಕ್ಕೆ ಶುರುವಾದ ಕಥೆ ಅದು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟ್‌ಗೆ ಠಾಣೆಯಲ್ಲಿ ಕ್ಯಾಮೆರಾ ಸಿಕ್ಕಿತು, ದೃಶ್ಯ ಇಡಲು ಬೇಕಾದಷ್ಟು ಜಾಗವಿದ್ದ 1 ಟಿಬಿ ಹಾರ್ಡ್ ಡಿಸ್ಕೂ ಸಿಕ್ಕಿತು. ದೃಶ್ಯ ಮಾತ್ರ ಇರಲಿಲ್ಲ. ದಿನದಿನವೂ ತಾನಾಗೇ ಅಳಿಯುವಂತೆ ಸೆಟ್ಟಿಂಗ್ ಇತ್ತು!

ಅದಕ್ಕೇ ತಡ ಮಾಡಬೇಡಿ. ದಿನಾಂಕ, ಅಂದಾಜು ಸಮಯ, ಠಾಣೆಯ ಯಾವ ಜಾಗ ಎಂಬುದನ್ನು ಬರೆದು, 'ಈ ಅವಧಿಯ ದೃಶ್ಯ ಕಾಯ್ದಿಡಿ' ಎಂದು ಎಸ್‌ಪಿಗೆ (ಬೆಂಗಳೂರಿನಂಥ ಕಡೆ ಕಮಿಷನರ್ ಕಚೇರಿಗೆ) ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಲಿ. ಗಂಭೀರ ಗಾಯ ಅಥವಾ ಸಾವು ಆಗಿದ್ದರೆ ಆಯೋಗವಾಗಲಿ, ಮಾನವ ಹಕ್ಕುಗಳ ನ್ಯಾಯಾಲಯವಾಗಲಿ ದೃಶ್ಯವನ್ನು ತಕ್ಷಣ ತರಿಸಿ ಇಟ್ಟುಕೊಳ್ಳಬಹುದು. ಆರ್‌ಟಿಐ ಅರ್ಜಿಯನ್ನೂ ಹಾಕಬಹುದು. ಆದರೆ ಬರೀ ಅದನ್ನೇ ನಂಬಿ ಕೂರಬೇಡಿ, ತನಿಖೆಯ ನೆಪ ಹೇಳಿ ನಿರಾಕರಿಸುವುದು ಜಾಸ್ತಿ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅವತ್ತೇ ದಾಖಲಿಸಿ.

'ಕ್ಯಾಮೆರಾ ಕೆಟ್ಟಿತ್ತು' ಎನ್ನುವ ಉತ್ತರ ಬಂದರೆ? ಬರುತ್ತದೆ, ಸಿದ್ಧರಾಗಿರಿ. ಅಲ್ಲಿಗೆ ಸುಮ್ನೆ ವಾಪಸ್ ಬರಬೇಡಿ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಕೂಡಲೇ ಠಾಣೆಗಳ ಸಿಸಿಟಿವಿ ನೋಡಿಕೊಳ್ಳುವ ಜಿಲ್ಲಾ ಮೇಲುಸ್ತುವಾರಿ ಸಮಿತಿಗೆ ತಿಳಿಸಬೇಕು. ಅಷ್ಟೇ ಅಲ್ಲ, ಕ್ಯಾಮೆರಾ ಇಲ್ಲದ ಆ ದಿನಗಳಲ್ಲಿ ಯಾರನ್ನು ಬಂಧಿಸಿದರು, ಯಾರನ್ನು ವಿಚಾರಣೆ ಮಾಡಿದರು ಎಂಬ ದಾಖಲೆಯನ್ನೂ ಕಳಿಸಬೇಕು. ಇದೂ ಅದೇ ತೀರ್ಪಿನಲ್ಲಿದೆ. ಠಾಣಾಧಿಕಾರಿ ಸಮಿತಿಗೆ ತಿಳಿಸಿದ ಪತ್ರ ಯಾವ ದಿನಾಂಕದ್ದು ಎಂದು ಬರಹದಲ್ಲೇ ಕೇಳಿ.