ಆಟಮ್‌ಗೆ ಏರಿಸಿದ ಕನ್ನಡ ಪಟ್ಟಿ ಪ್ರಶ್ನಾರ್ಥಕ ಚಿಹ್ನೆಯಾಗುವುದೇಕೆ?

ಪ್ರಶ್ನೆ: ಕಾಸರಗೋಡಿನ ಕುಂಬಳೆ ಕಡೆಯ ನಮ್ಮ ವಾಚನಾಲಯದಲ್ಲಿ ಮೂಲಗೇಣಿ ಚೀಟು, ಹಳೆಯ ಕಡತ, ಕಾಗದಪತ್ರಗಳ ಸಂಗ್ರಹವಿದೆ. ಅದಕ್ಕೆಂದು ಆಟಮ್ (AtoM) ಎಂಬ, ದಾಖಲೆ ಸಂಗ್ರಹಗಳ ವಿವರಪಟ್ಟಿ ಇಡುವ ತಂತ್ರಾಂಶ ಹಾಕಿಸಿದೆವು. ಎಕ್ಸೆಲ್ ಪಟ್ಟಿ ಏರಿಸಿದರೆ ಕೆಲವು ಸಾಲು ಬರೀ ಪ್ರಶ್ನಾರ್ಥಕ ಚಿಹ್ನೆ, ಕೆಲವು ಅರ್ಥವಾಗದ ಇಂಗ್ಲಿಷ್. ಸರಿಯಾಗಿ ಬಂದವೂ ಹುಡುಕಿದರೆ ಸಿಗುವುದಿಲ್ಲ. ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಡ. ಆಟಮ್‌ನಲ್ಲೇ ಹೊಸ ದಾಖಲೆಯೊಂದನ್ನು ತೆರೆದು ಶೀರ್ಷಿಕೆಯನ್ನು ಕನ್ನಡದಲ್ಲಿ ಟೈಪಿಸಿ ಉಳಿಸಿ. ಅದು ಸರಿಯಾಗಿ ಕಂಡರೆ ಸರ್ವರ್‌ಗೂ ಡೇಟಾಬೇಸಿಗೂ ಏನೂ ಆಗಿಲ್ಲ, ಕೆಟ್ಟಿರುವುದು ಪಟ್ಟಿ.

ಅರ್ಥವಾಗದ ಇಂಗ್ಲಿಷ್ ಆಗಿರುವ ಸಾಲುಗಳು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಿಸಿದವು. ಆ ಫಾಂಟ್‌ಗಳು ರೋಮನ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿಸುತ್ತವೆ. ಎಕ್ಸೆಲ್‌ನ ಒಂದು ಕೋಶದ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ‘ಕನ್ನಡ’ ಎಂದಿದ್ದ ಕಡೆ ಒಂದು ‘ಪಿ’, ಪೌಂಡಿನ ಗುರುತು, ‘ಕ್ಯೂ’, ನಡುನಡುವೆ ತಲೆಗೆ ಓರೆಗೀಟು ಹೊತ್ತ ‘ಎ’ಗಳು ಕಂಡರೆ ಅದು ಆಸ್ಕಿ. ಅದನ್ನು ಯುನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ವ್ಯವಸ್ಥೆಗೆ, ತಿರುಗಿಸಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕವಿದೆ. ಇಡೀ ಹಾಳೆಯನ್ನು ಒಟ್ಟಿಗೆ ತಿರುಗಿಸಿದರೆ ಇಂಗ್ಲಿಷಿನಲ್ಲಿದ್ದ ಕಡತಸಂಖ್ಯೆಗಳೂ ಕನ್ನಡದ ಕಲಸುಮೇಲೋಗರ ಆಗುತ್ತವೆ, ಆದ್ದರಿಂದ ಕನ್ನಡದ ಕಾಲಂಗಳನ್ನು ಮಾತ್ರ ಆರಿಸಿ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಲ್ಲೇ ನೋಡಬೇಕು, ತಪ್ಪುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ.

ಪ್ರಶ್ನಾರ್ಥಕ ಚಿಹ್ನೆಯ ಸಾಲುಗಳ ಕಥೆ ಬೇರೆ. ಆಟಮ್‌ಗೆ ಏರಿಸಲು ಪಟ್ಟಿಯನ್ನು ಸಿಎಸ್‌ವಿ, ಅಂದರೆ ಕೋಶಗಳ ನಡುವೆ ಅಲ್ಪವಿರಾಮವಿರುವ ಸಾದಾ ಪಠ್ಯ ಮಾಡಬೇಕು. ಎಕ್ಸೆಲ್‌ನಲ್ಲಿ ಬರೀ ‘ಸಿಎಸ್‌ವಿ’ ಎಂದು ಉಳಿಸಿದಾಗ ಅದು ಅಕ್ಷರಗಳನ್ನು ವಿಂಡೋಸ್‌ನ ಹಳೆಯ ಸಂಕೇತಕ್ಕೆ ಇಳಿಸುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ, ಪ್ರತಿ ಅಕ್ಷರಕ್ಕೂ ಚಿಹ್ನೆಯೊಂದನ್ನು ಇಟ್ಟು ಕೈತೊಳೆದುಕೊಳ್ಳುತ್ತದೆ. ಆ ಸಿಎಸ್‌ವಿಯಿಂದ ಕನ್ನಡ ಮರಳಿ ಬಾರದು, ಮೂಲ ಎಕ್ಸೆಲ್‌ಗೇ ಹೋಗಬೇಕು. ‘ಸಿಎಸ್‌ವಿ ಯುಟಿಎಫ್-8’ ಎಂಬ, ಯುನಿಕೋಡನ್ನು ಹಾಗೇ ಉಳಿಸುವ ಆಯ್ಕೆ ಹುಡುಕಿ ಉಳಿಸಿ. ನಮ್ಮ ಸಲಹೆ ಲಿಬ್ರೆಆಫೀಸ್: ಉಳಿಸುವಾಗ ಅದು ಸಂಕೇತ ಯಾವುದು, ನಡುವೆ ಅಲ್ಪವಿರಾಮವೇ ಎಂದು ಬಾಯಿಬಿಟ್ಟು ಕೇಳುತ್ತದೆ.

ಕಾಲಂ ತಲೆಬರಹಗಳು ಆಟಮ್ ಕೊಡುವ ಮಾದರಿಯಂತೆಯೇ ಇರಲಿ. ಒಂದಕ್ಷರ ತಪ್ಪಿದರೂ ಆ ಕಾಲಂ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಸಾಲಿನ ಭಾಷೆ ಯಾವುದೆಂದು ಹೇಳುವ ‘ಕಲ್ಚರ್’ ಕಾಲಂನಲ್ಲಿ ಕನ್ನಡದ ಎರಡಕ್ಷರದ ಸಂಕೇತ ‘ಕೆಎನ್’ ಅನ್ನು ಸಣ್ಣಕ್ಷರದಲ್ಲಿ ಹಾಕಿ, ಸೆಟ್ಟಿಂಗ್ಸ್‌ನ ಭಾಷಾಪಟ್ಟಿಗೂ ಅದನ್ನು ಸೇರಿಸಿ. ಸಂಗ್ರಹದ ಸಾಲು ಮೇಲೆ, ಅದರೊಳಗಿನ ಕಡತದ ಸಾಲು ಕೆಳಗೆ ಬರಬೇಕು. ಮಗು ಮೊದಲು ಬಂದರೆ ತಾಯಿ ಸಿಗದೆ ಅನಾಥವಾಗುತ್ತದೆ.

ನಿಮ್ಮ ಕಡೆಯ ಕಡತಗಳಲ್ಲಿ ತಾರೀಖು ಒಂದು ಗಂಟು. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಾಗಾಗಿ ಶಾನುಭೋಗರ ಕಂದಾಯದ ಕಾಗದಗಳಲ್ಲಿ ಇರುವುದು ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸಿದರೆ ಅದು ಶುರುವಾಗುವ ಇಸವಿ, ವರ್ಷ ಜುಲೈ 1ಕ್ಕೆ ಆರಂಭ. ‘ಫಸಲಿ 1360’ ಎಂಬುದನ್ನು ಕಂಡಹಾಗೇ ತಾರೀಖಿನ ಕಾಲಂನಲ್ಲಿ ಬರೆಯಿರಿ. ಆರಂಭಕ್ಕೆ 1950-07-01, ಅಂತ್ಯಕ್ಕೆ 1951-06-30 ಎಂದು ಪಕ್ಕದ ಎರಡು ಕಾಲಂಗಳಲ್ಲಿ ಹಾಕಿ. ಈ ಎರಡರಲ್ಲಿ ಕನ್ನಡ ಅಂಕಿ ಬೇಡ.

ಏರಿಸುವ ಮುನ್ನ ಡೇಟಾಬೇಸಿನ ಪ್ರತಿ ತೆಗೆದಿಟ್ಟು, ಹತ್ತೇ ಸಾಲಿನಿಂದ ಪ್ರಯೋಗ ಮಾಡಿ. ಅದೇ ಪಟ್ಟಿಯನ್ನು ಹೊಸದೆಂದು ಎರಡು ಸಲ ಏರಿಸಿದರೆ ಎಲ್ಲವೂ ಜೋಡಿಯಾಗುತ್ತವೆ. ಆಮದು ಮಾಡುವ ಕೂಲಿಯಾಳು ‘ಆಟಮ್-ವರ್ಕರ್’ ಎಂಬ ಹಿನ್ನೆಲೆ ಸೇವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಗುವಾಗ ಇದು ಮೊದಲು ಮಲಗುತ್ತದೆ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬಿದ್ದರೆ ಸಿಸ್ಟಂ ಅದನ್ನು ತಾನಾಗಿ ಎಬ್ಬಿಸುವುದಿಲ್ಲ. ಸರ್ವರ್‌ನಲ್ಲಿ ‘ಸಿಸ್ಟಂಸಿಟಿಎಲ್ ರಿಸೆಟ್-ಫೇಲ್ಡ್’ ಎಂಬ ಕಮಾಂಡ್ ಕೊಟ್ಟು ಮತ್ತೆ ಶುರುಮಾಡಬೇಕು. ಯುಪಿಎಸ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ.

ಇನ್ನು ಹುಡುಕಾಟ. ಕಮಾಂಡ್ ಮೂಲಕ ಏರಿಸಿದವು ತಾವಾಗಿ ಹುಡುಕಾಟದ ಸೂಚಿಗೆ ಸೇರುವುದಿಲ್ಲ, ಸೂಚಿಯನ್ನು ಮತ್ತೆ ಕಟ್ಟುವ ‘ಸರ್ಚ್:ಪಾಪ್ಯುಲೇಟ್’ ಓಡಿಸಬೇಕು. ಅದರ ನಂತರವೂ ‘ಮಂಜೇಶ್ವರ’ ಎಂದರೆ ‘ಮಂಜೇಶ್ವರದ ಪತ್ರಗಳು’ ಸಿಗದು. ಆಟಮ್‌ನ ಒಳಗಿರುವ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶಕ್ಕೆ ಇಂಗ್ಲಿಷ್, ಹಿಂದಿಯ ಪ್ರತ್ಯಯ ಕಳಚಲು ಗೊತ್ತು, ಕನ್ನಡದ ವಿಭಕ್ತಿ ಗೊತ್ತಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಬರುತ್ತದೆ. ಆದರೆ ಓದಲು ಬಂದವರಿಗೆಲ್ಲ ಅದನ್ನು ಹೇಳಿಕೊಡುತ್ತಾ ಕೂರುವುದಕ್ಕಿಂತ ಸ್ಥಳದ ಕಾಲಂನಲ್ಲಿ ‘ಕುಂಬಳೆ’, ‘ಮಂಜೇಶ್ವರ’ ಎಂದು ವಿಭಕ್ತಿಯಿಲ್ಲದ ರೂಪ ತುಂಬಿ, ಎರಡು ಊರಿದ್ದರೆ ನಡುವೆ ನೇರ ಗೀಟು ಎಳೆಯಿರಿ. ಮಲಯಾಳದವರು ‘ಮಂಜೇಶ್ವರಂ’ ಎಂದೇ ಹುಡುಕುತ್ತಾರೆ. ಆ ರೂಪವನ್ನು ಸ್ಥಳಗಳ ಪಟ್ಟಿಯಲ್ಲಿ ಅದೇ ಊರಿನ ಪರ್ಯಾಯ ಹೆಸರಾಗಿ ಸೇರಿಸಿಡಿ.