ಡೆಲ್ಫ್ಟ್‌ಗೆ ಹೋದರೆ ವರ್ಮೀರ್ ಚಿತ್ರ ನೋಡಲು ಸಿಗುತ್ತದಾ?

ಪ್ರಶ್ನೆ: ನಾವು ಶಿರಸಿಯವರು. ಮಗಳು ನೆದರ್‌ಲೆಂಡ್ಸ್‌ನಲ್ಲಿದ್ದಾಳೆ. ಅವಳ ಹತ್ತಿರ ಹೋದಾಗ ಚಿತ್ರಕಾರ ವರ್ಮೀರ್‌ನ ಊರು ಡೆಲ್ಫ್ಟ್ ತೋರಿಸುವ ಗೈಡೆಡ್ ಟೂರ್ ಮಾಡಬೇಕು ಅಂತ ಆಸೆ. ಆದರೆ ಆ ಊರಿನಲ್ಲಿ ಅವನ ಒಂದು ಚಿತ್ರವೂ ಇಲ್ಲ ಅಂತ ಪರಿಚಯದವರೊಬ್ಬರು ಹೇಳಿದರು. ಹೌದಾ? ಹಾಗಿದ್ದರೆ ಗೈಡ್‌ಗೆ ದುಡ್ಡು ಕೊಟ್ಟು ಅಲ್ಲಿ ನೋಡುವುದೇನು?

ಉತ್ತರ: ಅವರು ಹೇಳಿದ್ದು ನಿಜ. ಡೆಲ್ಫ್ಟ್‌ನಲ್ಲಿ ವರ್ಮೀರ್‌ನ ಒಂದೇ ಒಂದು ಮೂಲ ಚಿತ್ರವೂ ಇಲ್ಲ. ವರ್ಮೀರ್ ಸೆಂಟರ್ ಅಂತ ಒಂದು ಕಡೆ ಅವನ ಎಲ್ಲಾ ಚಿತ್ರಗಳನ್ನೂ ಅಸಲಿ ಅಳತೆಯಲ್ಲೇ ಸಾಲಾಗಿ ಹಾಕಿದ್ದಾರೆ, ಆದರೆ ಅವೆಲ್ಲ ಪ್ರತಿಗಳು. ಅವನದು ಅಂತ ಇವತ್ತು ಒಪ್ಪಿಕೊಂಡಿರುವ ಚಿತ್ರಗಳೇ ಹೆಚ್ಚೆಂದರೆ 37. ಅವು ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಬರ್ಲಿನ್ ಅಂತ ಚೆದುರಿ ಹೋಗಿವೆ. ಒಂದಂತೂ 1990ರಲ್ಲಿ ಬಾಸ್ಟನ್‌ನ ಮ್ಯೂಸಿಯಂನಿಂದ ಕಳುವಾಗಿದ್ದು ಇನ್ನೂ ಸಿಕ್ಕಿಲ್ಲ.

ಹಾಗಂತ ಬೇಜಾರು ಮಾಡಿಕೊಳ್ಳಬೇಡಿ. ಡೆಲ್ಫ್ಟ್‌ನಿಂದ ರೈಲು ಹತ್ತಿದರೆ ಹೇಗ್ ನಗರಕ್ಕೆ ಕಾಲು ಗಂಟೆ ಸಾಕು. ಅಲ್ಲಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ 3 ಚಿತ್ರಗಳಿವೆ. ಮುತ್ತಿನ ಓಲೆಯ ಹುಡುಗಿಯ ಚಿತ್ರ ಇರುವುದು ಅಲ್ಲೇ. ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಇನ್ನೂ 4 ಇವೆ. ಅಂದರೆ ಸುಮಾರು ಒಂದು ಗಂಟೆಯ ರೈಲು ದಾರಿಯೊಳಗೆ 7 ಮೂಲ ಚಿತ್ರಗಳು. ಟೂರ್‌ನವರು ಕೊಡುವ ಕಾಗದದಲ್ಲಿ ಈ ಎರಡು ಮ್ಯೂಸಿಯಂಗಳ ಹೆಸರು ಇಲ್ಲದಿದ್ದರೆ ಅದು ಕಲಾ ಪ್ರವಾಸ ಅಲ್ಲ, ಊರು ಸುತ್ತುವ ಪ್ರವಾಸ.

ಇನ್ನು, ಚಿತ್ರವೇ ಇಲ್ಲದ ಊರಿಗೆ ಯಾಕೆ ಹೋಗಬೇಕು ಅನ್ನುವುದು. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಟಾಗೋರರು ಬಂದು ಉಳಿದಿದ್ದರು, ಇಲ್ಲೇ ಒಂದು ನಾಟಕ ಬರೆದರು. ಬೀಚಿಗೆ ಅವರ ಹೆಸರೂ ಇದೆ. ಅವರ ಹಸ್ತಪ್ರತಿ ಹುಡುಕಿಕೊಂಡು ಯಾರೂ ಕಾರವಾರಕ್ಕೆ ಬರುವುದಿಲ್ಲ. ಅವರು ನೋಡಿದ ಕಡಲು, ಕಾಳಿ ನದಿಯ ಅಳಿವೆ ನೋಡಲು ಬರುತ್ತಾರೆ, ಅಲ್ವಾ? ಡೆಲ್ಫ್ಟ್ ಕೂಡ ಹಾಗೆಯೇ. ವರ್ಮೀರ್ 1632ರಲ್ಲಿ ಹುಟ್ಟಿದ್ದು ಅಲ್ಲೇ, 1675ರಲ್ಲಿ ಸತ್ತದ್ದೂ ಅಲ್ಲೇ. ಬಿಡಿಸಿದ್ದು ಹೆಚ್ಚಾಗಿ ಅಲ್ಲಿನ ಮನೆ, ಕಿಟಕಿ, ಬೀದಿ, ಮೋಡ.

ಆದರೆ ಅವನ ಗುರುತು ಊರಿನಲ್ಲಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಗೈಡ್ ಬೇಕಾಗುವುದು ಇದಕ್ಕೇ. ಅಪ್ಪ ನಡೆಸುತ್ತಿದ್ದ ವಸತಿಗೃಹ ಮಾರುಕಟ್ಟೆ ಚೌಕದಲ್ಲಿತ್ತು, 1885ರಲ್ಲಿ ಕೆಡವಿದರು. ಅವನು ಹೆಂಡತಿ ಮಕ್ಕಳೊಂದಿಗೆ ಇದ್ದ ಅತ್ತೆಯ ಮನೆಯೂ ಈಗ ಇಲ್ಲ. ಔಡೆ ಕೆರ್ಕ್ ಅನ್ನುವ ಹಳೆಯ ಚರ್ಚಿನಲ್ಲಿ ಅವನನ್ನು ಹೂಳಿದ್ದು ನಿಜ, ಆದರೆ ಹೆಸರು ಕೆತ್ತಿದ ಕಲ್ಲುಗಳು ನಮ್ಮ ಕಾಲದವು. ಸುಮ್ನೆ ನಡೆದು ಹೋದರೆ ಕಾಲುವೆ, ಸೈಕಲ್ಲು, ಚೀಸ್ ಅಂಗಡಿ ನೋಡಿಕೊಂಡು ವಾಪಸ್ ಬರುತ್ತೀರಿ.

ಒಳ್ಳೆ ಗೈಡ್ ಆದರೆ ಫ್ಲಾಮಿಂಗ್‌ಸ್ಟ್ರಾಟ್ ಅನ್ನುವ ಬೀದಿಗೆ ಕರೆದುಕೊಂಡು ಹೋಗುತ್ತಾರೆ. ರೈಕ್ಸ್‌ಮ್ಯೂಸಿಯಂನಲ್ಲಿ ಅವನ ಪುಟ್ಟ ಬೀದಿಯ ಚಿತ್ರ ಇದೆ. ಇಟ್ಟಿಗೆ ಮನೆ, ಬಾಗಿಲಲ್ಲಿ ಕುಳಿತು ಹೊಲಿಗೆ ಹಾಕುವ ಹೆಂಗಸು, ಪಕ್ಕದ ಓಣಿಯಲ್ಲಿ ಬಗ್ಗಿ ಕೆಲಸ ಮಾಡುತ್ತಿರುವ ಇನ್ನೊಬ್ಬಳು. ಅದು ಯಾವ ಬೀದಿ ಅಂತ ಬಹಳ ವರ್ಷ ವಾದ ನಡೆದಿತ್ತು. 2015ರಲ್ಲಿ ಫ್ರಾನ್ಸ್ ಗ್ರೈಜೆನ್‌ಹೌಟ್ ಎಂಬ ಕಲಾ ಇತಿಹಾಸಕಾರರು 1667ರ ಕಾಲುವೆ ತೆರಿಗೆಯ ದಫ್ತರ ತೆಗೆದು ನೋಡಿದರು. ಪ್ರತಿ ಮನೆಯ ಅಗಲ, ಪ್ರತಿ ಓಣಿಯ ಅಗಲ ಅದರಲ್ಲಿ ಬರೆದಿತ್ತು. ಚಿತ್ರಕ್ಕೆ ತಾಳೆ ಹಾಕಿದಾಗ ಈಗಿನ 40 ಮತ್ತು 42ನೇ ನಂಬರಿನ ಜಾಗ ಅಂತ ಅವರು ತೀರ್ಮಾನಿಸಿದರು. ಅಲ್ಲಿದ್ದವಳು ಯಾರು ಗೊತ್ತಾ? ವರ್ಮೀರ್‌ನ ಸೋದರತ್ತೆ. ಜಾನುವಾರಿನ ಕರುಳು ಮಾರಿ ಮಕ್ಕಳನ್ನು ಸಾಕಿದ ವಿಧವೆ. ಈ ಗುರುತಿಸುವಿಕೆಯನ್ನು ಎಲ್ಲರೂ ಒಪ್ಪಿಲ್ಲ. ನನಗಂತೂ ತೆರಿಗೆ ದಫ್ತರದ ವಾದ ಗಟ್ಟಿ ಅನ್ನಿಸುತ್ತದೆ. ಮನೆ ಹೊಸದು, ಆದರೂ ಓಣಿಯ ಬಾಯಿ ನೋಡುವಾಗ ಚಿತ್ರ ಬೇರೆಯೇ ಆಗಿಬಿಡುತ್ತದೆ.

ಹಾಗೇ ಸಾಲದ ಕತೆ. ವರ್ಮೀರ್‌ಗೆ ಬದುಕುಳಿದ ಮಕ್ಕಳೇ 11. ಕೊನೆಯ ವರ್ಷಗಳಲ್ಲಿ ಯುದ್ಧದಿಂದ ಚಿತ್ರದ ವ್ಯಾಪಾರ ಬಿದ್ದುಹೋಯಿತು. ಅವನು ಸತ್ತ ಮೇಲೆ ಹೆಂಡತಿ ಬ್ರೆಡ್ ಮಾರುವವನಿಗೆ 617 ಗಿಲ್ಡರ್ (ಆಗಿನ ಡಚ್ ನಾಣ್ಯ) ಬಾಕಿ ಇಟ್ಟುಕೊಂಡಿದ್ದಳು. ಅದರ ಬದಲಿಗೆ 2 ಚಿತ್ರ ಅವನ ಕೈಗೆ ಹೋದವು. ಇದನ್ನು ಕೇಳಿದ ಮೇಲೆ ರೈಕ್ಸ್‌ಮ್ಯೂಸಿಯಂನಲ್ಲಿ ಹಾಲು ಸುರಿಯುವ ಹೆಂಗಸಿನ ಚಿತ್ರದ ಮುಂದೆ ನಿಲ್ಲಿ. ಅವಳ ಮುಖ ಆಮೇಲೆ ನೋಡಿದರಾಯಿತು, ಮೊದಲು ಮೇಜಿನ ಮೇಲಿನ ಬ್ರೆಡ್ ನೋಡಿ. ಅದರ ಮೇಲೆಲ್ಲ ಬಿಳಿ, ಹಳದಿ ಬಣ್ಣದ ಸಣ್ಣ ಸಣ್ಣ ಚುಕ್ಕಿ ಇಟ್ಟಿದ್ದಾನೆ. ಹತ್ತಿರದಿಂದ ಬರೀ ಚುಕ್ಕಿ. ಎರಡು ಹೆಜ್ಜೆ ಹಿಂದೆ ಬಂದರೆ ಬ್ರೆಡ್ಡಿನ ಗರಿಗರಿ ಸಿಪ್ಪೆ ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ.

ಮುತ್ತಿನ ಓಲೆಯದ್ದೂ ಅದೇ ಆಟ. ಆ ಮುತ್ತಿಗೆ ಕಿವಿಗೆ ಸಿಕ್ಕಿಸುವ ಕೊಕ್ಕೆಯೇ ಇಲ್ಲ. ಮೇಲೆ ಒಂದು ದಪ್ಪ ಬಿಳಿ ಗುರುತು, ಕೆಳಗೆ ಕಾಲರಿನ ಮಂಕು ಪ್ರತಿಫಲನ, ಅಷ್ಟೇ. ತಲೆಗೆ ಸುತ್ತಿದ ಬಟ್ಟೆಯ ನೀಲಿಯಂತೂ ಅಫ್ಘಾನಿಸ್ತಾನದ ಕಡೆಯಿಂದ ಬರುತ್ತಿದ್ದ ಲಾಪಿಸ್ ಕಲ್ಲನ್ನು ಅರೆದು ಮಾಡಿದ್ದು. ಆ ಕಾಲದ ಬಹಳ ದುಬಾರಿ ಬಣ್ಣ. ಇದೇ ಚಿತ್ರ 1881ರಲ್ಲಿ ಹರಾಜಿನಲ್ಲಿ ಎರಡು ಗಿಲ್ಡರ್ ಚಿಲ್ಲರೆಗೆ ಹೋಗಿತ್ತು ಮಾರಾಯ್ರೆ!

ಉತ್ತರ ಕನ್ನಡದವರಿಗೆ ಒಂದು ವಿಷಯ ಜಾಸ್ತಿ ಹತ್ತಿರ ಅನ್ನಿಸಬಹುದು. ಡಚ್ ಈಸ್ಟ್ ಇಂಡಿಯಾ ಕಂಪನಿಯ 6 ಶಾಖೆಗಳಲ್ಲಿ ಒಂದು ಡೆಲ್ಫ್ಟ್‌ನಲ್ಲಿತ್ತು, ಆ ಕಟ್ಟಡ ಈಗಲೂ ಕಾಲುವೆಯ ದಂಡೆಯಲ್ಲಿದೆ. ವರ್ಮೀರ್ ಇನ್ನೂ ಸಣ್ಣ ಹುಡುಗ ಇದ್ದಾಗಲೇ, 1638ರಲ್ಲಿ, ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದು ಘಟ್ಟದ ಮೇಲಿನ ಕಾಳುಮೆಣಸು ಕೊಳ್ಳುತ್ತಿದ್ದರು. ಡಚ್ಚರೂ ನಮ್ಮ ಕರಾವಳಿಯ ಮೆಣಸಿಗೆ ಪೈಪೋಟಿ ಮಾಡಿದವರೇ. ಏಷ್ಯಾದ ವ್ಯಾಪಾರದ ಲಾಭ ಆ ಊರಿಗೂ ಬರುತ್ತಿತ್ತು. ಕಂಪನಿಯ ಹಡಗಿನಲ್ಲಿ ಬಂದ ಚೀನಾದ ಪಿಂಗಾಣಿ ನೋಡಿಯೇ ಡೆಲ್ಫ್ಟ್‌ನವರು ನೀಲಿ ಬಿಳಿ ತಟ್ಟೆ ಮಾಡಲು ಕಲಿತರು. ಆ ಪಿಂಗಾಣಿ ಕಾರ್ಖಾನೆಗಳಲ್ಲಿ 1653ರಲ್ಲಿ ಶುರುವಾದ ಒಂದು ಇನ್ನೂ ನಡೆಯುತ್ತಿದೆ. ಟೂರ್‌ನವರು ಅಲ್ಲಿಗೆ ಮಾತ್ರ ತಪ್ಪದೆ ಕರೆದುಕೊಂಡು ಹೋಗುತ್ತಾರೆ, ಯಾಕೆಂದರೆ ಅಲ್ಲಿ ಅಂಗಡಿ ಇದೆ. ಹೋಗಿ, ಆದರೆ ಅರ್ಧ ದಿನ ಅಲ್ಲೇ ಕಳೆಯಬೇಡಿ.

ನನ್ನ ಸಲಹೆ ಹೀಗೆ. ಮೊದಲು ಹೇಗ್‌ಗೆ ಹೋಗಿ ಡೆಲ್ಫ್ಟ್ ನೋಟದ ದೊಡ್ಡ ಚಿತ್ರ ನೋಡಿ. ಅರ್ಧಕ್ಕಿಂತ ಹೆಚ್ಚು ಭಾಗ ಆಕಾಶವೇ. ನಮ್ಮ ಜೂನ್ ತಿಂಗಳ ಹಾಗೆ ಮೇಲೆ ಕಪ್ಪು ಮೋಡ, ಮುಂದಿನ ಸಾಲಿನ ಕಟ್ಟಡಗಳೆಲ್ಲ ನೆರಳಲ್ಲಿ, ಹಿಂದೆ ನ್ಯೂವೆ ಕೆರ್ಕ್ ಚರ್ಚಿನ ಗೋಪುರದ ಮೇಲೆ ಬಿಸಿಲು. ಆಮೇಲೆ ಡೆಲ್ಫ್ಟ್‌ಗೆ ಬಂದು ಒಂದು ರಾತ್ರಿ ಉಳಿಯಿರಿ. ಚಿತ್ರದಲ್ಲಿರುವುದು ಬೆಳಗಿನ ಹೊತ್ತು. ದಿನದ ಟೂರ್‌ಗಳು ಬಂದು ಸೇರುವ ಮುಂಚೆಯೇ ಊರಿನ ದಕ್ಷಿಣಕ್ಕಿರುವ ಹೋಯ್‌ಕಾಡೆ ದಂಡೆಗೆ ಹೋಗಿ. ಚಿತ್ರದಲ್ಲಿರುವ ಊರಬಾಗಿಲುಗಳನ್ನು 19ನೇ ಶತಮಾನದಲ್ಲೇ ಕೆಡವಿದ್ದಾರೆ, ಆದರೆ ನೀರು, ಗೋಪುರ, ಆಕಾಶ ಇದ್ದಲ್ಲೇ ಇವೆ. ಉಲ್ಟಾ ಮಾಡಿದರೆ, ಅಂದರೆ ದಂಡೆ ಮೊದಲು ಚಿತ್ರ ಆಮೇಲೆ ಅಂತಾದರೆ, ದಂಡೆಯಲ್ಲಿ ಏನು ನೋಡಬೇಕು ಅನ್ನುವುದೇ ತಿಳಿಯುವುದಿಲ್ಲ.

ಭಾನುವಾರ ಬೇಡ, ಅವತ್ತು ಎರಡೂ ಹಳೆಯ ಚರ್ಚುಗಳಲ್ಲಿ ಪ್ರಾರ್ಥನೆ, ಪ್ರವಾಸಿಗರಿಗೆ ಬಾಗಿಲಿಲ್ಲ. ಗುರುವಾರ ಚೌಕದಲ್ಲಿ ಸಂತೆ, ಗಲಾಟೆ ಇಷ್ಟ ಆಗುವವರಿಗೆ ಒಳ್ಳೆಯದು. ನ್ಯೂವೆ ಕೆರ್ಕ್ ಗೋಪುರಕ್ಕೆ 376 ಮೆಟ್ಟಿಲು, ಮೊಣಕಾಲು ನೋವಿದ್ದರೆ ಕೆಳಗೇ ಇರಿ. ಸಸ್ಯಾಹಾರಕ್ಕೆ ತೊಂದರೆ ಇಲ್ಲ, ಅಪ್ಪೆಹುಳಿ ಮಾತ್ರ ಕೇಳಬೇಡಿ.

ದುಡ್ಡು ಕೊಡುವ ಮುಂಚೆ ಟೂರ್‌ನವರಿಗೆ ಇಷ್ಟು ಕೇಳಿ: ಎರಡೂ ಮ್ಯೂಸಿಯಂಗಳ ಟಿಕೆಟ್ ಇದರಲ್ಲೇ ಬಂತಾ? ಪ್ರವೇಶದ ಹೊತ್ತು ಮೊದಲೇ ಕಾದಿರಿಸಿದ್ದಾರಾ? ಗುಂಪಿನಲ್ಲಿ ಎಷ್ಟು ಜನ? ನೀವು ನೋಡಬೇಕೆಂದಿರುವ ಚಿತ್ರ ಆ ತಿಂಗಳು ಗೋಡೆಯ ಮೇಲಿರುತ್ತದಾ, ಅಥವಾ ಬೇರೆ ದೇಶದ ಪ್ರದರ್ಶನಕ್ಕೆ ಹೋಗಿರುತ್ತದಾ? ಇದನ್ನು ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೀವೇ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಉತ್ತರ ಸರಿ ಬರದಿದ್ದರೆ ಟೂರ್ ಬಿಟ್ಟುಬಿಡಿ. ಮಗಳ ಜೊತೆ ರೈಲಿನಲ್ಲಿ ಎರಡೂ ಮ್ಯೂಸಿಯಂ ನೋಡಿ, ಡೆಲ್ಫ್ಟ್‌ನಲ್ಲಿ ಮಾತ್ರ ಎರಡು ಗಂಟೆಗೆ ಅಲ್ಲಿಯವರೇ ಆದ ಗೈಡ್ ಒಬ್ಬರನ್ನು ಹಿಡಿಯಿರಿ. ಊರು ಚಿಕ್ಕದು, ಅಷ್ಟು ಸಾಕಾಗುತ್ತದೆ.